ಕರೆ ಬಂದಿದೆ ಅನ್ನಿಸಿದ ಮೇಲೆ, ಅರ್ಜಿ ತುಂಬುವ ಮುಂಚೆ

ನಮ್ಮ ಕ್ರೈಸ್ತ ಸಭೆಗಳಲ್ಲಿ ಯಾರಾದರೂ "ಪ್ರಾರ್ಥನೆ ಮಾಡಿ ಹೇಳ್ತೀನ್ರಿ" ಅಂದರೆ, ಮುಕ್ಕಾಲು ಪಾಲು "ಆಗೂದಿಲ್ಲ" ಅಂತಲೇ ತಿಳಿದುಕೊಳ್ಳಬೇಕು. ಸಂಡೇ ಸ್ಕೂಲಿಗೆ ಟೀಚರ್ ಬೇಕು ಅಂದಾಗ, ಕೊಯ್ಲಿನ ಹಬ್ಬದ ಹರಾಜಿನಲ್ಲಿ ಲೆಕ್ಕ ಬರೆಯುವವರು ಬೇಕು ಅಂದಾಗ ಕೇಳಿಬರುವ ಮಾತು ಅದು. ಮರ್ಯಾದೆಯಿಂದ ಜಾರಿಕೊಳ್ಳುವ ದಾರಿ. ಇನ್ನೊಂದು ಥರದವರೂ ಇದ್ದಾರೆ. ಅವರದು ಎಲ್ಲಾ ತೀರ್ಮಾನ ಆಗಿರುತ್ತದೆ, ರೈಲಿನ ಟಿಕೆಟ್ಟೂ ಬುಕ್ ಆಗಿರುತ್ತದೆ. ಆಮೇಲೆ ಅಯ್ಯನವರ, ಅಂದರೆ ಸಭೆಯ ಪಾದ್ರಿಯ, ಹತ್ತಿರ ಬಂದು ತಲೆ ಬಗ್ಗಿಸಿ ನಿಲ್ಲುತ್ತಾರೆ, ಪ್ರಾರ್ಥನೆ ಮಾಡಿ ಕಳಿಸಿಕೊಡಿ ಅಂತ.

ನಾನು ನಮ್ಮ ಅಯ್ಯನವರ ಮನೆಗೆ ಹೋಗಿದ್ದು ಈ ಎರಡನೇ ಥರದ ಗಿರಾಕಿಯಾಗಿ. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅದರಲ್ಲಿ ಜಿಎನ್‌ಎಂ ನರ್ಸಿಂಗ್ ಸರ್ಟಿಫಿಕೇಟು, ಅಂಚೆ ಮೂಲಕ ಓದಿ ಮುಗಿಸಿದ ಬಿಎ ಮಾರ್ಕ್ಸ್ ಕಾರ್ಡು, ದೀಕ್ಷಾಸ್ನಾನದ ಪತ್ರ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೆ ಸೇರಿ ಬಿಡಿ (ಬ್ಯಾಚಲರ್ ಆಫ್ ಡಿವಿನಿಟಿ, ದೇವಶಾಸ್ತ್ರದ ಡಿಗ್ರಿ) ಓದಬೇಕು, ಮುಂದೆ ದೀಕ್ಷೆ ಪಡೆದು ಸಭಾಪಾಲಕಿ ಆಗಬೇಕು ಅಂತ ನನ್ನ ಲೆಕ್ಕ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಹೆಂಗಸರಿಗೆ ಆ ಬಾಗಿಲು ತೆರೆದು ಬಹಳ ವರ್ಷಗಳಾದವು. 2013ರಲ್ಲಿ ಪಕ್ಕದ ಆಂಧ್ರದ ನಂದ್ಯಾಲ ಸಭಾಪ್ರಾಂತಕ್ಕೆ ಪುಷ್ಪಲಲಿತಾ ಅವರು ಬಿಷಪ್ ಕೂಡ ಆದರು. ಆ ಸುದ್ದಿ ಬಂದ ದಿನ ವಾರ್ಡಿನಲ್ಲಿ ನಾನು ಎಲ್ಲರಿಗೂ ಫೋಟೋ ತೋರಿಸಿದ್ದೆ.

ಕರೆ, ಅಂದರೆ ದೇವರು ಸೇವೆಗೆ ಕರೆಯುತ್ತಿದ್ದಾನೆ ಅನ್ನುವ ಅನಿಸಿಕೆ, ನನಗೆ ಸಿಡಿಲಿನಂತೆ ಬಂದದ್ದಲ್ಲ. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ನೈಟ್ ಡ್ಯೂಟಿಯೇ ಜಾಸ್ತಿ. ನವಲಗುಂದದ ಕಡೆಯ ಒಬ್ಬ ರೈತರು ಕಿಡ್ನಿ ಹೋಗಿ ನಮ್ಮ ವಾರ್ಡಿನಲ್ಲಿದ್ದರು. ಹಣೆ ತುಂಬ ವಿಭೂತಿ. ಮಗ ಕೆಳಗೆ ಚಾಪೆ ಹಾಸಿ ಮಲಗಿಬಿಟ್ಟಿದ್ದ. ರಾತ್ರಿ ಎರಡರ ಇಂಜೆಕ್ಷನ್ ಹಾಕಲು ಹೋದಾಗ ಅವರು ನನ್ನ ಸೆರಗಿನ ಪಿನ್ನಿಗೆ ಸಿಕ್ಕಿಸಿದ್ದ ಶಿಲುಬೆ ನೋಡಿ, "ಸಿಸ್ಟರ್, ಸ್ವಲ್ಪ ಕೂಡ್ರಿ. ನಿಮ್ಮ ದೇವ್ರಿಗೂ ಒಂದ್ ಮಾತ್ ಹೇಳ್ರಿ, ನನಗ ಭಾಳ ಅಂಜಿಕಿ ಆಗೇತಿ" ಅಂದರು. ಆಚೆ ಬೆಡ್ಡಿನ ಸಲೈನ್ ಮುಗಿಯುತ್ತಾ ಬಂದಿತ್ತು. ನಿಂತುಕೊಂಡೇ ಅವರ ಕೈ ಹಿಡಿದು ಎರಡು ವಾಕ್ಯ ಪ್ರಾರ್ಥಿಸಿ ಓಡಿದೆ. ಬೆಳಗ್ಗೆ ಡ್ಯೂಟಿ ಒಪ್ಪಿಸಿ ಮನೆಗೆ ಬಂದ ಮೇಲೂ ಆ "ಕೂಡ್ರಿ" ಅನ್ನುವ ದನಿ ಕಿವಿಯಲ್ಲಿತ್ತು. ಇಂಥವು ಬೇರೆಯೂ ಆದವು. ಅದೇ ವರ್ಷ ಒಂದು ಕನ್ವೆನ್ಷನ್ನಿನಲ್ಲಿ "ಪೂರ್ಣಾವಧಿ ಸೇವೆಗೆ ಯಾರು ಒಪ್ಪಿಸಿಕೊಡ್ತೀರಿ?" ಅಂತ ಕರೆದಾಗ ನಾನು ಎದ್ದು ನಿಂತೆ. ಪೂರ್ಣಾವಧಿ ಸೇವೆ ಅಂದರೆ ನಮ್ಮ ಕಡೆ ಗೊತ್ತಲ್ಲ: ಪಾದ್ರಿ, ಇಲ್ಲವೇ ಊರೂರಿಗೆ ಸುವಾರ್ತೆ ಸಾರುವ ಸುವಾರ್ತಿಕ. ಮೂರನೆಯದು ಯಾರ ತಲೆಗೂ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ.

ಅಯ್ಯನವರು ಫೈಲು ತೆಗೆದು ಎಲ್ಲಾ ಹಾಳೆ ನೋಡಿದರು. ಅಮ್ಮನವರು ಚಹಾ ತಂದಿಟ್ಟರು. ಆಮೇಲೆ ಅಯ್ಯನವರು ಫೈಲು ಮುಚ್ಚಿ ಬೀರುವಿನ ಮೇಲಿಟ್ಟರು.

"ಇದು ಇಲ್ಲೇ ಇರ್ಲಿ ತಂಗಿ. ಮುಂದಿನ ಆದಿತ್ಯವಾರ ಆಗಮನ ಕಾಲ ಸುರು. ಈಸ್ಟರ್ ಮುಗಿದ ಮ್ಯಾಲೆ ಬಂದು ತಗೊಂಡ್ ಹೋಗು. ಅಲ್ಲೀ ತನಕ ಪ್ರಾರ್ಥನಾ ಮಾಡು."

"ಮಾಡೀನ್ರಿ ಅಯ್ಯನವರ..."

"ಮಾಡಿದ್ದು ಗೊತ್ತದ. ಹೋಗ್ಲೋ ಬ್ಯಾಡೋ ಅಂತ ಕೇಳಿರ್ತಿ. ಅದನ್ನ ಕೇಳೂದ್ ಬಿಡು. ನೆಹೆಮೀಯನ ಪುಸ್ತಕ ಓದು, ಮೊದಲನೇ ಎರಡು ಅಧ್ಯಾಯ. ಬ್ಯಾರೆ ಏನೂ ಬ್ಯಾಡ."

ಆಗಮನ ಕಾಲ ಅಂದರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ. ಸಿಟ್ಟು ಬಂತು ಅಂತ ಹೇಳಲೇಬೇಕು. ಅರ್ಜಿಯ ಕೊನೆಯ ದಿನ ಈಸ್ಟರ್‌ಗಿಂತ ಮುಂಚೆಯೇ ಇದ್ದರೆ ಏನು ಗತಿ ಅಂತ ಕೇಳಿದೆ. "ಸೆರಾಂಪುರದಾಗ 1818ರಿಂದ ಕಾಲೇಜ್ ನಡಸ್ಲಿಕ್ಕತ್ತಾರ, ಮುಂದಿನ ವರ್ಷನೂ ಇರ್ತದ" ಅಂದರು. ನಮ್ಮ ಬಿಡಿ ಡಿಗ್ರಿ ಕೊಡುವುದು ಬಂಗಾಳದ ಆ ಸೆರಾಂಪುರದವರೇ.

ಬೈಬಲಿನ ನೆಹೆಮೀಯನ ಕಥೆ ಸಂಡೇ ಸ್ಕೂಲಿನಿಂದ ಗೊತ್ತಿದ್ದದ್ದೇ. ಯೆರೂಸಲೇಮಿನ ಗೋಡೆ ಕಟ್ಟಿದವನು, 52 ದಿನದಲ್ಲಿ ಮುಗಿಸಿದವನು. ನಮಗೆ ಮಕ್ಕಳಾಗಿದ್ದಾಗ ಹೇಳಿಕೊಟ್ಟದ್ದು ಆ 52 ದಿನ ಮಾತ್ರ. ಅದರ ಹಿಂದಿನದನ್ನು ಯಾರೂ ಎಣಿಸಿ ಹೇಳಿರಲಿಲ್ಲ. ಅವನು ಶೂಷನ್ ಕೋಟೆಯಲ್ಲಿ ಅರ್ತಷಸ್ತ ರಾಜನಿಗೆ ದ್ರಾಕ್ಷಾರಸ ಕೊಡುವ ಕೆಲಸದಲ್ಲಿದ್ದ. ಯೆರೂಸಲೇಮಿನ ಗೋಡೆ ಬಿದ್ದುಹೋಗಿದೆ ಅನ್ನುವ ಸುದ್ದಿ ಅವನಿಗೆ ಮುಟ್ಟಿದ್ದು ಕಿಸ್ಲೇವ್ ತಿಂಗಳಲ್ಲಿ, ಅಂದರೆ ನಮ್ಮ ನವೆಂಬರ್-ಡಿಸೆಂಬರ್. ರಾಜನ ಮುಂದೆ ಅವನು ಬಾಯಿ ಬಿಟ್ಟದ್ದು ನೈಸಾನ್ ತಿಂಗಳಲ್ಲಿ, ಮಾರ್ಚ್-ಏಪ್ರಿಲ್. ನಡುವೆ ನಾಲ್ಕು ತಿಂಗಳು. ಆಗಮನ ಕಾಲದಿಂದ ಈಸ್ಟರ್‌ವರೆಗೆ ಅಂತ ಅಯ್ಯನವರು ಅಳತೆ ಹಾಕಿದ್ದು ಎಲ್ಲಿಂದ ಅಂತ ಆಗ ತಿಳಿಯಿತು.

ಮೊದಮೊದಲು ನನ್ನ ಪ್ರಾರ್ಥನೆ ಹೇಗಿತ್ತು ಅಂದರೆ ಕಮಿಟಿ ಮುಂದೆ ಅರ್ಜಿ ಓದಿದ ಹಾಗೆ. ಕರ್ತನೇ, ಬಾಗಿಲು ತೆರೆ. ಕರ್ತನೇ, ನಮ್ಮನೆಯವರ ಮನಸ್ಸು ತಿರುಗಿಸು. ಕರ್ತನೇ, ಮಗಳ ಎಸ್ಸೆಸ್ಸೆಲ್ಸಿ ನೋಡಿಕೋ. ಹೇಳಿ ಮುಗಿಸಿ ಆಮೆನ್ ಅಂದರೆ ಐದು ನಿಮಿಷ. ಜಾಗ ಅಂದರೆ ಅಡುಗೆಮನೆಯ ಹಿಂದಿನ ಪಾತ್ರೆ ತೊಳೆಯುವ ಕಟ್ಟೆ. ಡ್ಯೂಟಿಗೆ ಹೊರಡುವ ಮುಂಚೆ ಅಲ್ಲೊಂದು ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ಪಕ್ಕದ ಮನೆಯ ಕುಕ್ಕರ್ ಕೂಗು, ಅತ್ತೆಯ ಕೆಮ್ಮು, ಎಲ್ಲಾ ಅಲ್ಲೇ.

ಗುರುತು ಕೇಳುವ ಚಟ ನಮ್ಮವರಿಗೆಲ್ಲ ಇದೆ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಹೊಸ ವರ್ಷದ ವಾಗ್ದಾನದ ಕಾರ್ಡು ಕೊಡುತ್ತಾರಲ್ಲ, ಕಣ್ಣು ಮುಚ್ಚಿ ತಟ್ಟೆಯಿಂದ ತೆಗೆಯುವುದು. ನನಗೆ ಬಂದದ್ದು 121ನೇ ಕೀರ್ತನೆಯ ಕೊನೆಯ ವಚನ. ಹೋಗುವಾಗಲೂ ಬರುವಾಗಲೂ ಯೆಹೋವನು ಕಾಪಾಡುತ್ತಾನೆ ಅನ್ನುವುದು. ಸ್ತ್ರೀ ಸಮಾಜದ ಗೆಳತಿ ಅಪ್ಪಿಕೊಂಡು, "ನೋಡ, 'ಹೋಗು' ಅಂತ ಬಂದದ!" ಅಂದಳು. ಮನೆಯಲ್ಲಿ ಕಾರ್ಡು ತೋರಿಸಿದರೆ ನಮ್ಮನೆಯವರು ಕನ್ನಡಕ ಹಾಕಿಕೊಂಡು ಓದಿ, "'ಬರು' ಅಂತನೂ ಐತಿ" ಅಂದರು. ಜನವರಿಯಲ್ಲಿ ಒಂದು ಮನೆ ಪ್ರಾರ್ಥನಾ ಕೂಟದಲ್ಲಿ ಒಬ್ಬರು ನನ್ನ ತಲೆ ಮೇಲೆ ಕೈಯಿಟ್ಟು ಕರ್ತನು ನಿನ್ನನ್ನು ಜನಾಂಗಗಳಿಗೆ ಕಳಿಸುತ್ತಾನೆ ಅಂತ ಪ್ರವಾದಿಸಿದರು. ಅದೇ ಕೂಟದಲ್ಲಿ ಚಹಾ ಕುಡಿಯುವಾಗ ಇನ್ನೊಬ್ಬರು, ಹೆಣ್ಣುಮಗಳಿಗೆ ಮನೆಯೇ ಸೇವೆಯ ಹೊಲ ಅಂತ ದೇವರು ತಮಗೆ ತಿಳಿಸಿದ್ದಾನೆ ಅಂದರು. ಇಬ್ಬರದ್ದೂ ಒಂದೇ ದನಿ, ಒಂದೇ ಗಟ್ಟಿತನ.

ರಾತ್ರಿ ಉಣ್ಣೆ ಹಾಸಿಟ್ಟು, ಅದರ ಮೇಲೆ ಮಾತ್ರ ಮಂಜು ಬಿದ್ದರೆ ನಿನ್ನ ಮಾತು ನಂಬುತ್ತೇನೆ ಅಂತ ದೇವರಿಗೆ ಗುರುತು ಕೇಳಿದ ಗಿದ್ಯೋನನ ಕಥೆಯನ್ನು ಎಲ್ಲರೂ ಇದಕ್ಕೆ ಆಧಾರವಾಗಿ ಹೇಳುತ್ತಾರೆ. ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ ಆರನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಏನು ಮಾಡಬೇಕು ಅಂತ ದೇವರು ಗಿದ್ಯೋನನಿಗೆ ಮೊದಲೇ ಹೇಳಿಯಾಗಿತ್ತು. ಉಣ್ಣೆ ಹಾಸಿದ್ದು ತಿಳಿಯದೆ ಅಲ್ಲ, ಧೈರ್ಯ ಸಾಲದೆ. ದೇವರು ಅವನನ್ನು ಬೈಯಲಿಲ್ಲ ಅನ್ನುವುದು ದೇವರ ದೊಡ್ಡತನ. ಅದನ್ನೇ ಒಂದು ವಿಧಾನ ಮಾಡಿಕೊಳ್ಳುವುದು ನನಗಂತೂ ಸರಿಕಾಣುವುದಿಲ್ಲ.

ಆ ಹೊತ್ತಿಗೆ ಸರಿಯಾಗಿ ಸಹಾಯಕ್ಕೆ ಬಂದವರು ನಮ್ಮ ವಾರ್ಡಿನಲ್ಲೇ ಕೆಲಸ ಮಾಡುವ ಒಬ್ಬ ಕಥೋಲಿಕ ಸನ್ಯಾಸಿನಿ. ಅವರೂ ಸಿಸ್ಟರ್, ನಾನೂ ಸಿಸ್ಟರ್. ಪೇಷಂಟ್ "ಸಿಸ್ಟರ್" ಅಂತ ಕೂಗಿದರೆ ಇಬ್ಬರೂ ತಿರುಗುತ್ತೇವೆ. ಅವರ ಊರು ಕಾರವಾರದ ಕಡೆ. ಹದಿನಾರನೇ ಶತಮಾನದ ಇಗ್ನೇಷಿಯಸ್ ಲೊಯೋಲ ಎಂಬ ಸಂತರ ವಿಷಯ ಅವರೇ ಹೇಳಿದ್ದು. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಕಟ್ಟಿದ ಜೆಸ್ವಿಟ್ ಪಾದ್ರಿಗಳ ಮೂಲಪುರುಷ. ಅವರು ಮೊದಲು ಸಿಪಾಯಿ. 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಗುಂಡು ತಗುಲಿ ಕಾಲು ಮುರಿದು ತಿಂಗಳುಗಟ್ಟಲೆ ಮಲಗಿದ್ದರು. ಆಗ ಎರಡು ಬಗೆಯ ಕನಸು ಕಾಣುತ್ತಿದ್ದರಂತೆ. ರಾಜಮನೆತನದ ಹೆಣ್ಣಿನ ಮುಂದೆ ಸಾಹಸ ಮೆರೆಯುವುದು ಒಂದು, ಸಂತರ ಹಾಗೆ ಬದುಕುವುದು ಇನ್ನೊಂದು. ಎರಡೂ ಆ ಹೊತ್ತಿಗೆ ಖುಷಿಯೇ. ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಯೋಚನೆ ಬಂದಾಗ ಹೇಗನಿಸುತ್ತದೆ ಅನ್ನುವುದಕ್ಕಿಂತ, ಅದು ಹೋದ ಮೇಲೆ ಏನು ಉಳಿಯುತ್ತದೆ ಅಂತ ನೋಡಬೇಕು ಅನ್ನುವುದನ್ನು ಅವರು ಅಲ್ಲಿಂದ ಕಲಿತರು.

ನಾನು ಪ್ರೊಟೆಸ್ಟೆಂಟ್ ಮನೆಯವಳು, ಸಂತರು ಅಂದರೆ ಸ್ವಲ್ಪ ದೂರ. ಆದರೆ ಈ ಮಾತು ನರ್ಸಿಗೆ ತಕ್ಷಣ ಅರ್ಥವಾಗುವಂಥದ್ದು. ಜ್ವರದ ಪಟ್ಟಿ ಇದ್ದ ಹಾಗೆ ಅಲ್ವಾ? ಒಂದು ಸಲದ ಅಂಕಿಯಿಂದ ಏನೂ ಹೇಳಲಾಗದು. ದಿನಾ ಬರೆದು, ಗೆರೆ ಎಲ್ಲಿಗೆ ಹೋಗುತ್ತಿದೆ ಅಂತ ನೋಡಬೇಕು. ಆ ಸನ್ಯಾಸಿನಿ ಇನ್ನೊಂದನ್ನೂ ಒತ್ತಿ ಹೇಳಿದರು. "ಮನಸ್ಸು ಕುಸಿದಿರುವ ದಿನ ಯಾವ ತೀರ್ಮಾನವನ್ನೂ ಬದಲಿಸಬೇಡಿ ಸಿಸ್ಟರ್. ಇದೂ ಇಗ್ನೇಷಿಯಸ್ ಹೇಳಿದ್ದೇ." ನೈಟ್ ಡ್ಯೂಟಿ ಮಾಡಿದವರಿಗೆ ಇದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ನಾನು ದಿನಾ ನರ್ಸಿಂಗ್ ಬಿಟ್ಟಿರುತ್ತೇನೆ.

ಮಗಳ ಹಳೆಯ ನೋಟುಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆಯತೊಡಗಿದೆ. ಪ್ರಾರ್ಥನೆಯಲ್ಲಿ ಮಾತಾಡುವುದು ಕಡಿಮೆ ಮಾಡಿ ಸುಮ್ನೆ ಕೂತೆ. ಕೂತಾಗ ಏನೇನು ಬಂತು, ಎದ್ದ ಮೇಲೆ ಏನುಳಿಯಿತು, ಅಷ್ಟೇ ಬರೆಯುವುದು. ಜಾಸ್ತಿ ಇಲ್ಲ, ಮೂರ್ನಾಲ್ಕು ಸಾಲು.

ಈಸ್ಟರ್‌ಗೆ ಮುಂಚಿನ ಉಪವಾಸದ ಲೆಂಟ್ ಕಾಲ ಶುರುವಾಗುವ ಹೊತ್ತಿಗೆ ಆ ಹಾಳೆಗಳನ್ನು ಒಮ್ಮೆ ಮೊದಲಿನಿಂದ ಓದಿದೆ. ಎರಡು ಥರದ ಸಾಲುಗಳಿದ್ದವು. ಬಿಳಿ ನಿಲುವಂಗಿ, ಕೊರಳಿಗೆ ಪಟ್ಟಿ, ಪ್ರಸಂಗಪೀಠ, ಊರಿನಲ್ಲಿ ಅಪ್ಪನ ಸಮಾಧಿಯ ಪಕ್ಕ ನಿಂತು ನಾನೇ ಆರಾಧನೆ ನಡೆಸುವುದು. ಇವು ಬಂದ ದಿನ ಮೈಯೆಲ್ಲ ಬಿಸಿ, ಮರುದಿನ ಗಂಟಲು ಒಣ. ಇನ್ನೊಂದು ಥರದವು ಬರೀ ಹೆಸರುಗಳು. ನವಲಗುಂದದ ಅಜ್ಜ. ಸ್ತನದ ಕ್ಯಾನ್ಸರ್ ಎಲುಬಿಗೆ ಇಳಿದಿದ್ದ ಹಳೇ ಹುಬ್ಬಳ್ಳಿಯ ಬೀಬಿ. ಮಗುವನ್ನು ಕಳೆದುಕೊಂಡು ಬಿಲ್ ಕೌಂಟರಿನ ಮುಂದೆ ಚೀಟಿ ಹಿಡಿದು ನಿಂತಿದ್ದ ಹುಡುಗ. ಇವರನ್ನು ಪ್ರಾರ್ಥನೆಗೆ ನಾನು ಕರೆದಿರಲಿಲ್ಲ, ತಾವಾಗಿ ಬಂದವರು. ಇವರು ಬಂದುಹೋದ ದಿನ ಅಳು ಬರುತ್ತಿತ್ತು, ಆದರೆ ಡ್ಯೂಟಿಗೆ ಹೋಗಲು ಕಾಲು ಎಳೆಯುತ್ತಿರಲಿಲ್ಲ. ಆ ವ್ಯತ್ಯಾಸವನ್ನು ನಾನು ಕಲ್ಪಿಸಿಕೊಂಡದ್ದಲ್ಲ. ಹಾಳೆಯ ಮೇಲಿತ್ತು.

ನಿಲುವಂಗಿಯ ಆಸೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದನ್ನು ಹಾಕಿಕೊಂಡು ಬೆವರು ಸುರಿಸಿ ದುಡಿಯುವ ಹೆಣ್ಣುಮಕ್ಕಳನ್ನು ಕಂಡಿದ್ದೇನೆ. ನನಗೆ ಬಂದ ಕರೆ ಆ ಕಡೆಯಿಂದ ಬಂದದ್ದಲ್ಲ, ಅಷ್ಟೇ.

ಅದೇ ವಾರ ಯೆರೆಮೀಯನ 42ನೇ ಅಧ್ಯಾಯ ಓದಿದೆ. ಯೆರೂಸಲೇಮ್ ಬಿದ್ದ ಮೇಲೆ ಉಳಿದ ಜನ ಬಾಬೆಲಿನವರಿಗೆ ಹೆದರಿ ಐಗುಪ್ತಕ್ಕೆ (ಈಜಿಪ್ಟಿಗೆ) ಹೋಗಬೇಕು ಅಂತ ಗಂಟುಮೂಟೆ ಕಟ್ಟಿ ಬೇತ್ಲೆಹೇಮಿನ ಹತ್ತಿರ ಬಂದು ಇಳಿದಿದ್ದಾರೆ. ಆಮೇಲೆ ಪ್ರವಾದಿಯ ಹತ್ತಿರ ಹೋಗಿ, ನಮಗಾಗಿ ಪ್ರಾರ್ಥಿಸು, ಒಳ್ಳೆಯದಾಗಲಿ ಕೆಟ್ಟದ್ದಾಗಲಿ ದೇವರು ಹೇಳಿದಂತೆ ಕೇಳುತ್ತೇವೆ ಅನ್ನುತ್ತಾರೆ. ಉತ್ತರ ಬರಲು ಹತ್ತು ದಿನ ಹಿಡಿಯಿತು. ಯೆರೆಮೀಯನಂಥವನಿಗೇ ಹತ್ತು ದಿನ! ಉತ್ತರ "ಇಲ್ಲೇ ಇರಿ" ಅಂತ ಬಂತು. ಅವರು ಪ್ರವಾದಿಗೆ ಸುಳ್ಳುಗಾರ ಅಂದು, ಅವನನ್ನೂ ಎಳೆದುಕೊಂಡು ಐಗುಪ್ತಕ್ಕೆ ಹೋದರು. ಸಭೆಯಲ್ಲಿ ಈ ಅಧ್ಯಾಯದ ಮೇಲೆ ಪ್ರಸಂಗ ಕೇಳಿದ ನೆನಪು ನನಗಿಲ್ಲ. ಯಾಕೆ ಅಂತ ಊಹಿಸಬಹುದು.

ಇಷ್ಟು ದಿನ ನಮ್ಮನೆಯವರು ಏನೂ ಮಾತಾಡಿರಲಿಲ್ಲ. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ, ಮಾತು ಕಡಿಮೆ. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲೂ ಅವರದು ಕರ್ತನ ಪ್ರಾರ್ಥನೆ ಒಂದೇ. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನೋಟುಪುಸ್ತಕ ಅವರ ಕೈಗೇ ಕೊಟ್ಟೆ. ಪೂರ್ತಿ ಓದಿದರು. ಆಮೇಲೆ, "ಇದರಾಗ ಮಂಗಳೂರು ಎಲ್ಲೂ ಇಲ್ಲಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಈ ಮಂದಿ ಹತ್ರ ಕೂಡ್ರೂದ ಒಂದ್ ಕೆಲಸ ಅಂತ ಎಲ್ಲೆರ ಇರ್ತದೇನ?" ಅಂತ ಕೇಳಿದರು. ನನ್ನ ತಲೆಯಲ್ಲಿ ಹೊಳೆಯದ ಆ ಮೂರನೆಯದು ಅವರ ಬಾಯಿಂದ ಬಂತು.

ಆಗ ನೆಹೆಮೀಯನ ಎರಡನೇ ಅಧ್ಯಾಯ ಬೇರೆ ಥರ ಕಾಣಿಸಿತು. ರಾಜ ಅವನನ್ನು ನಿನಗೇನು ಬೇಕು ಅಂತ ಕೇಳುತ್ತಾನೆ. ನೆಹೆಮೀಯ ಅಲ್ಲೇ ನಿಂತು ದೇವರಿಗೆ ಒಂದು ಕ್ಷಣ ಪ್ರಾರ್ಥಿಸಿ ಉತ್ತರ ಕೊಡುತ್ತಾನೆ. ಆ ಒಂದು ಕ್ಷಣದ ಪ್ರಾರ್ಥನೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಉತ್ತರ ನೋಡಿ. ಎಷ್ಟು ಕಾಲ ಬೇಕು ಅಂತ ರಾಜ ಕೇಳಿದರೆ ಗೊತ್ತುಮಾಡಿಕೊಂಡ ಅವಧಿ ಹೇಳುತ್ತಾನೆ. ನದಿಯಾಚೆಯ ಅಧಿಪತಿಗಳಿಗೆ ದಾರಿಪತ್ರ ಬೇಕು ಅನ್ನುತ್ತಾನೆ. ಬಾಗಿಲುಗಳಿಗೆ ತೊಲೆ ಬೇಕು, ಅದಕ್ಕೆ ಅರಸನ ವನಪಾಲಕ ಆಸಾಫನಿಗೆ ಒಂದು ಪತ್ರ ಕೊಡು ಅನ್ನುತ್ತಾನೆ. ವನಪಾಲಕನ ಹೆಸರು ಕೂಡ ತಿಳಿದುಕೊಂಡಿದ್ದಾನೆ! ನಾಲ್ಕು ತಿಂಗಳು ಅಳುತ್ತಾ ಉಪವಾಸ ಕೂತವನ ಹತ್ತಿರ ಮರದ ಲೆಕ್ಕ ಸಿದ್ಧವಿತ್ತು. ಪ್ರಾರ್ಥನೆ ಬೇರೆ, ವಿಚಾರಿಸುವುದು ಬೇರೆ ಅಂತ ನಾನು ಅಂದುಕೊಂಡು ಬೆಳೆದದ್ದು. ಅವನಿಗೆ ಎರಡೂ ಒಂದೇ ಕೂತಲ್ಲಿ ನಡೆದಿತ್ತು.

ನಾನೂ ವಿಚಾರಿಸತೊಡಗಿದೆ. ಸ್ಟೂಲಿನ ಮೇಲೆ ಕೂತಾಗ ಯಾರಿಗೆ ಫೋನ್ ಮಾಡಬೇಕು ಅಂತ ಹೊಳೆದರೆ ಅದನ್ನೂ ಬರೆದುಕೊಳ್ಳುವುದು. ಆಸ್ಪತ್ರೆ ಚಾಪ್ಲಿನ್ ಅಂತ, ರೋಗಿಗಳ ಹತ್ತಿರ ಕೂತು ಅವರ ಮಾತು ಕೇಳುವ ಒಂದು ಕೆಲಸವಿದೆ, ಅದಕ್ಕೇ ಅಂತ ತರಬೇತಿಯಿದೆ, ದೀಕ್ಷೆ ಪಡೆಯದವರೂ ಸೇರಬಹುದು ಅಂತ ಗೊತ್ತಾಯಿತು. ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್ ಅನ್ನುತ್ತಾರೆ, ಚಿಕ್ಕದಾಗಿ ಸಿಪಿಇ. 1925ರಲ್ಲಿ ಅಮೆರಿಕದ ಮಸಾಚುಸೆಟ್ಸ್‌ನ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಆಂಟನ್ ಬಾಯ್ಸನ್ ಎಂಬ ಪಾದ್ರಿ ಕೆಲವೇ ಸೆಮಿನರಿ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಶುರುಮಾಡಿದ್ದು. ಆತ ಸ್ವತಃ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವರು. ರೋಗಿಯನ್ನೇ ಪುಸ್ತಕದಂತೆ ಓದಬೇಕು ಅನ್ನುವುದು ಅವರ ಪಾಠ. ಬೆಂಗಳೂರಿನಲ್ಲೂ ಈ ತರಬೇತಿ ಕೊಡುತ್ತಾರೆ. ಎಷ್ಟು ವಾರ, ಎಷ್ಟು ಫೀಸು, ಸಂಬಳವಿಲ್ಲದ ರಜೆ ಸಿಗುತ್ತದೆಯೇ, ಆ ತಿಂಗಳುಗಳಲ್ಲಿ ಮನೆ ಸಾಲದ ಕಂತು ಯಾರು ಕಟ್ಟುವುದು, ಅತ್ತೆಯ ಮಂಡಿನೋವಿನ ಎಣ್ಣೆ ಯಾರು ಹಚ್ಚುವುದು. ಇವು ನನ್ನ ತೊಲೆ-ಮರ.

ಈಸ್ಟರ್ ಆದ ಮೇಲೆ ಅಯ್ಯನವರ ಮನೆಗೆ ಹೋದೆ. ಬೀರುವಿನ ಮೇಲಿಂದ ಫೈಲು ಇಳಿಸಿ ಧೂಳು ಕೊಡವಿ ಕೊಟ್ಟರು. ನಾನು ನೋಟುಪುಸ್ತಕ ಕೊಟ್ಟೆ. ಅವರು ಓದಿ, "ಆತು. ಆದ್ರ ಇದು ಇನ್ನೂ ನಿಂದಷ್ಟ ಅದ. ಸಭಾ ಏನಂತದ ನೋಡೂಣು" ಅಂದರು.

ಇಲ್ಲಿ ಒಂದು ಮಾತು. ಕರೆ ನನ್ನದು, ನನಗೂ ದೇವರಿಗೂ ಬಿಟ್ಟದ್ದು, ಮಧ್ಯದಲ್ಲಿ ಕಮಿಟಿಗೇನು ಕೆಲಸ ಅಂತ ಈಗಿನ ಹುಡುಗರು ಕೇಳುತ್ತಾರೆ. ನಮ್ಮ ಕಡೆಯ ಸಭೆಗಳನ್ನು ಕಟ್ಟಿದ ಬಾಸೆಲ್ ಮಿಷನ್ನಿನವರು ಇದರಲ್ಲಿ ಇನ್ನೊಂದು ತುದಿ. 1834ರಲ್ಲಿ ಮಂಗಳೂರಿಗೆ ಬಂದಿಳಿದು, ಮೂರೇ ವರ್ಷಕ್ಕೆ ಧಾರವಾಡ ಮುಟ್ಟಿದ ಆ ಮಿಷನರಿಗಳು ಮದುವೆಯಾಗಬೇಕಾದರೂ ಸ್ವಿಟ್ಜರ್ಲೆಂಡಿನ ಕಮಿಟಿಯ ಒಪ್ಪಿಗೆ ಬೇಕಿತ್ತು. ಎಷ್ಟೋ ಸಲ ಹೆಣ್ಣನ್ನು ಹುಡುಕಿ ಹಡಗು ಹತ್ತಿಸಿ ಕಳಿಸುತ್ತಿದ್ದುದೂ ಅಲ್ಲಿಂದಲೇ. ಅಷ್ಟು ಬೇಡ. ಆದರೆ ಅಪೊಸ್ತಲರ ಕೃತ್ಯಗಳು 13ನೇ ಅಧ್ಯಾಯದಲ್ಲಿ ಅಂತಿಯೋಕ್ಯದ ಸಭೆಯವರು ಉಪವಾಸವಿದ್ದು ಆರಾಧಿಸುವಾಗ ಪವಿತ್ರಾತ್ಮನು ಮಾತಾಡಿದ್ದು ಇಡೀ ಗುಂಪಿಗೆ. ಬಾರ್ನಬನನ್ನೂ ಸೌಲನನ್ನೂ ನನಗಾಗಿ ಬೇರೆಮಾಡಿರಿ ಅಂತ. ಸೌಲನಿಗೆ ದಮಸ್ಕದ ದಾರಿಯಲ್ಲೇ ಕರೆ ಬಂದಿತ್ತು. ಆದರೂ ಅವನು ಹಡಗು ಹತ್ತಿದ್ದು ಸಭೆಯವರು ಕೈಯಿಟ್ಟು ಕಳಿಸಿದ ಮೇಲೆ.

ಸಭಾ ಕಮಿಟಿಯಲ್ಲಿ ಎಲ್ಲರೂ ಹಾರ ಹಾಕಲಿಲ್ಲ. ಒಬ್ಬ ಹಿರಿಯರು ನೇರವಾಗಿ ಕೇಳಿದರು. "ಆಸ್ಪತ್ರ್ಯಾಗ ಎಲ್ಲಾ ಜಾತಿ ಮಂದಿ ಇರ್ತಾರ. ನೀ ಪ್ರಾರ್ಥನಾ ಮಾಡಾಕ ಹೋದ್ರ ನಾಳೆ ತಕರಾರು ಆದ್ರ?" ಒಳ್ಳೆಯ ಪ್ರಶ್ನೆ. ಯಾರಾದರೂ ಕೇಳಿದರೆ ಮಾತ್ರ ಪ್ರಾರ್ಥನೆ, ಕೇಳದಿದ್ದರೆ ಬರೀ ಕೂರುವುದು, ಕರಪತ್ರ ಇಲ್ಲವೇ ಇಲ್ಲ ಅಂತ ಹೇಳಿದೆ. ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಇನ್ನೊಬ್ಬರು ಇದಕ್ಕೆ ಸಭೆಯ ದುಡ್ಡು ಯಾಕೆ ಅಂದರು. ಸ್ತ್ರೀ ಸಮಾಜದವರು ಕೊಯ್ಲಿನ ಹಬ್ಬದ ತಮ್ಮ ಮಳಿಗೆಯ ಹಣದಿಂದ ಫೀಸು ಕೊಡುತ್ತೇವೆ ಅಂದ ಮೇಲೆ ಆ ಮಾತು ನಿಂತಿತು. ಆಸ್ಪತ್ರೆಯವರು ಸಂಬಳವಿಲ್ಲದ ರಜೆ ಕೊಡಲು ಬಹಳ ಸತಾಯಿಸಿದರು. ಆ ಕಥೆ ಬೇಡ ಬಿಡಿ.

ನಮ್ಮ ನರ್ಸುಗಳ ನಡುವೆ ವೆಲ್ಲೂರಿನ ಆಸ್ಪತ್ರೆ ಕಟ್ಟಿದ ಐಡಾ ಸ್ಕಡರ್ ಅವರ ಕಥೆ ಆಗಾಗ ಬರುತ್ತದೆ. 1890ರ ದಶಕದ ಆರಂಭದಲ್ಲಿ ತಿಂಡಿವನದಲ್ಲಿ ಒಂದೇ ರಾತ್ರಿ ಮೂರು ಮನೆಗಳಿಂದ ಮೂವರು ಗಂಡಸರು ಬಂದು, ಹೆರಿಗೆಯಲ್ಲಿ ನರಳುತ್ತಿರುವ ಹೆಂಡತಿಯನ್ನು ಉಳಿಸಿ ಅಂತ ಬೇಡಿದರು. ಗಂಡಸು ಡಾಕ್ಟರನ್ನು ಒಳಗೆ ಬಿಡಲು ಅವರು ತಯಾರಿಲ್ಲ. ಐಡಾ ಆಗ ಡಾಕ್ಟರಲ್ಲ, ತಾಯಿಯನ್ನು ನೋಡಿಕೊಳ್ಳಲು ಬಂದಿದ್ದ ಹುಡುಗಿ. ಇಡೀ ರಾತ್ರಿ ನಿದ್ದೆಯಿಲ್ಲದೆ ಪ್ರಾರ್ಥಿಸಿದರು. ಬೆಳಗ್ಗೆ ಆ ಮೂವರು ಹೆಂಗಸರೂ ಸತ್ತಿದ್ದರು. ಆ ಹೊತ್ತೇ ಡಾಕ್ಟರಾಗುವುದು ಅಂತ ನಿಶ್ಚಯಿಸಿದರು. ಎಲ್ಲರೂ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮಾತ್ರ ಅಲ್ಲಿಂದ ಮುಂದಿನದ್ದೇ ಹಿಡಿಸುವುದು. ಅಮೆರಿಕಕ್ಕೆ ಹಿಂತಿರುಗಿ ಕಾರ್ನೆಲ್‌ನಲ್ಲಿ ಅವರು ಡಾಕ್ಟರ್ ಡಿಗ್ರಿ ಪಡೆದದ್ದು 1899ರಲ್ಲಿ. ವೆಲ್ಲೂರಿನಲ್ಲಿ ಕೆಲಸ ಶುರುವಾದದ್ದು 1900ರಲ್ಲಿ. ಒಂದು ರಾತ್ರಿಯ ಕರೆಗೆ ಅಷ್ಟು ವರ್ಷಗಳ ಓದು. ಆ ವರ್ಷಗಳಲ್ಲಿ ಅವರು ಏನು ಪ್ರಾರ್ಥಿಸುತ್ತಿದ್ದರೋ ಅಂತ ಅಂಗರಚನೆಯ ಪುಸ್ತಕ ನೋಡಿದಾಗಲೆಲ್ಲ ಅನ್ನಿಸುತ್ತದೆ.

ತರಬೇತಿಯಲ್ಲಿ ಮುಖ್ಯವಾದ ಕೆಲಸ ವರ್ಬೇಟಿಮ್ ಬರೆಯುವುದು. ರೋಗಿಯ ಹತ್ತಿರ ಹೋಗಿ ಬಂದ ಮೇಲೆ, ಅವರು ಏನಂದರು, ನಾನೇನಂದೆ, ಎಲ್ಲಿ ಸುಮ್ಮನಿದ್ದೆವು, ಎಲ್ಲವನ್ನೂ ನಾಟಕದ ಮಾತಿನಂತೆ ಸಾಲುಸಾಲಾಗಿ ಬರೆಯಬೇಕು. ಮಾತಿನ ಸಾಲಿಗೆಲ್ಲ ನಂಬರು. ಮರುದಿನ ಗುಂಪಿನ ಮುಂದೆ ಓದಬೇಕು. ನನ್ನದೊಂದನ್ನು ಹೀಗೆ ಓದಿದೆ:

"ರೋಗಿ 4: ಮನೀಗೆ ಹೋಗ್ತೀನೋ ಇಲ್ಲೋ.
ನಾನು 4: ಹಂಗ ಅನಬ್ಯಾಡ್ರಿ, ದೇವ್ರು ದೊಡ್ಡಾವ್ ಅದಾನ, ಎಲ್ಲಾ ಚೊಲೋ ಆಗ್ತದ.
ರೋಗಿ 5: ಹೂಂ. (ಗೋಡೆ ಕಡೆ ತಿರುಗಿದರು.)"

ಗೈಡ್ ಪೆನ್ಸಿಲ್ಲಿನಿಂದ ನಾಲ್ಕನೇ ಸಾಲಿನ ಕೆಳಗೆ ಗೆರೆ ಎಳೆದು, "ಇಲ್ಲಿ ಹೆದರಿದವರು ಯಾರು?" ಅಂತ ಕೇಳಿದರು. ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ವಾರ್ಡಿನಲ್ಲಿ ನಾವೆಲ್ಲ ದಿನಕ್ಕೆ ಎಷ್ಟು ಸಲ "ಎಲ್ಲಾ ಚೊಲೋ ಆಗ್ತದ" ಅನ್ನುತ್ತೇವೋ. ಮುಂದಿನ ವಾರದ ವರ್ಬೇಟಿಮ್‌ನಲ್ಲಿ ಅದೇ ಥರದ ಮಾತಿಗೆ ನನ್ನ ಉತ್ತರ: "ಮನೀ ಬಗ್ಗೆ ಹೇಳ್ರಿ." ರೋಗಿಯ ಮಾತು ಅಲ್ಲಿಂದ ಒಂದೂವರೆ ಪುಟ ನಡೆಯಿತು. ಹೊಲದ ಬದುವಿನ ಬೇವಿನಮರ, ಮಾತು ಬಿಟ್ಟ ತಮ್ಮ, ಕಿರಿಮಗಳ ಮದುವೆ ಸಾಲ.

ಅಡುಗೆಮನೆ ಹಿಂದಿನ ಕಟ್ಟೆಯಲ್ಲಿ ಬಾಯಿ ಮುಚ್ಚಿ ಕೂತು ರೂಢಿಯಾಗಿರದಿದ್ದರೆ ಆ ಒಂದೂವರೆ ಪುಟ ನನಗೆ ಸಿಗುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಸೇವೆಗೆ ಮುಂಚಿನ ಪ್ರಾರ್ಥನೆ ಅಂತ ನಾನು ಮಾಡಿದ್ದು ಸೇವೆಯದೇ ತಾಲೀಮಾಗಿತ್ತು. ಅಲ್ಲಿ ಮೊದಲು ನಾನು ಕೇಳಿಸಿಕೊಳ್ಳಲು ಕಲಿತದ್ದು ದೇವರ ಮಾತನ್ನೋ ನನ್ನದೇ ಮನಸ್ಸಿನದನ್ನೋ ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಎರಡೂ ಇದ್ದಿರಬೇಕು.

ಈಗ ಅದೇ ಆಸ್ಪತ್ರೆಯಲ್ಲಿ ಅರ್ಧ ಹೊತ್ತು ನರ್ಸ್ ಕೆಲಸ, ಅರ್ಧ ಹೊತ್ತು ಈ ಕೆಲಸ. ಸಂಬಳ ಕಮ್ಮಿಯಾಗಿದೆ. ಮೊದಲು ಸತಾಯಿಸಿದ ಆಡಳಿತದವರೇ ಈಗ ಬಿಲ್ ಕೌಂಟರಿನಲ್ಲಿ ಗಲಾಟೆಯಾದರೆ ನನ್ನನ್ನು ಕರೆಸುತ್ತಾರೆ. ಅದು ನನ್ನ ಕೆಲಸವಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ. ಕಮಿಟಿಯಲ್ಲಿ ತಕರಾರಿನ ಮಾತೆತ್ತಿದ ಹಿರಿಯರು ಹೋದ ವರ್ಷ ಹೃದಯದ ಆಪರೇಷನ್ನಿಗೆ ನಮ್ಮಲ್ಲೇ ಸೇರಿದ್ದರು. ನಾನು ಹೋಗಿ ಕೂತರೆ ಬರೀ ಕ್ರಿಕೆಟ್ ಮಾತಾಡಿದರು. ಕೂತೆ.

ಮಂಗಳೂರಿನ ಪ್ರಶ್ನೆ ಪೂರ್ತಿ ಮುಗಿದಿಲ್ಲ. ಹೊಸದಾಗಿ ಬಂದಿರುವ ಅಯ್ಯನವರು ಚಾಪ್ಲಿನ್‌ಗೂ ದೀಕ್ಷೆ ಇದ್ದರೆ ರೋಗಿಗಳಿಗೆ ಕರ್ತನ ಭೋಜನದ ರೊಟ್ಟಿ-ದ್ರಾಕ್ಷಾರಸ ಕೊಡಬಹುದಲ್ಲ, ಯಾಕೆ ಯೋಚಿಸಬಾರದು ಅಂತ ಕೇಳಿದ್ದಾರೆ. ಮಗಳ ಡಿಗ್ರಿ ಈ ವರ್ಷ ಮುಗಿಯುತ್ತದೆ. ಅತ್ತೆ ಈಗಿಲ್ಲ. ಪ್ರಾರ್ಥನೆ ಮಾಡಿ ಹೇಳ್ತೀನ್ರಿ ಅಂದಿದ್ದೇನೆ. ಅವರು ನನ್ನ ಮುಖವನ್ನು ಅನುಮಾನದಿಂದ ನೋಡಿದರು. ಮರುದಿನವೇ ನಾನು ಕಾಲೇಜಿನ ಆಫೀಸಿಗೆ ಫೋನ್ ಮಾಡಿ, ನನ್ನ ವಯಸ್ಸಿನವರನ್ನು ತೆಗೆದುಕೊಳ್ಳುತ್ತೀರಾ ಅಂತ ವಿಚಾರಿಸಿದೆ.